ಆಟಿಸಂ ಇರುವ ಪುಟ್ಟ ಮಗುವಿನ ಆತಂಕ: ಹೆತ್ತವರು ಏನು ಮಾಡಬಹುದು?

ಪ್ರಶ್ನೆ: ನಮ್ಮ ಮಗನಿಗೆ ಈಗ ಐದು ವರ್ಷ. ಮೂರೂವರೆ ವರ್ಷದವನಿದ್ದಾಗ ಆಟಿಸಂ (ಮಾತು, ಒಡನಾಟಗಳ ಬೆಳವಣಿಗೆ ಬೇರೆ ರೀತಿಯಲ್ಲಿ ಸಾಗುವ ಸ್ಥಿತಿ) ಇದೆ ಎಂದು ವೈದ್ಯರು ಹೇಳಿದರು. ಎರಡು ಮೂರು ಪದಗಳನ್ನು ಕೂಡಿಸಿ ಮಾತನಾಡುತ್ತಾನೆ, ಸ್ಪೀಚ್ ಥೆರಪಿ ನಡೆಯುತ್ತಿದೆ. ಆದರೆ ಕೆಲವು ತಿಂಗಳಿಂದ ಅವನ ಹೆದರಿಕೆ ತುಂಬ ಹೆಚ್ಚಾಗಿದೆ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ. ಈಗೀಗ ಅಡುಗೆಮನೆಗೇ ಬರುವುದಿಲ್ಲ. ಸಂಜೆಯಾದರೆ "ಅಪ್ಪ ಬರ್ತಾರಾ?" ಎಂದು ಕೇಳುತ್ತಲೇ ಇರುತ್ತಾನೆ, ಎಷ್ಟು ಸಲ ಉತ್ತರಿಸಿದರೂ ಮತ್ತೆ ಕೇಳುತ್ತಾನೆ. ಯುಕೆಜಿಗೆ ಹೋದಂದಿನಿಂದ ಶಾಲೆಯ ಗೇಟಿನ ಬಳಿಯೇ ನೆಲಕ್ಕೆ ಮಲಗಿಬಿಡುತ್ತಾನೆ. ಅತ್ತೆಯವರು ಇದು ಬರೀ ಹಠ, ಮುದ್ದಿನಿಂದ ಕೆಟ್ಟಿದ್ದಾನೆ ಎನ್ನುತ್ತಾರೆ. ನಮ್ಮ ಯಜಮಾನರು ಬಲವಂತವಾಗಿಯಾದರೂ ಅಭ್ಯಾಸ ಮಾಡಿಸಬೇಕು ಎನ್ನುತ್ತಾರೆ. ನನಗೆ ಮನಸ್ಸು ಬರುವುದಿಲ್ಲ. ಮುಂದಿನ ತಿಂಗಳು ನನ್ನ ತಮ್ಮನ ಮದುವೆ. ಇವನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ.
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಮೊದಲು ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಚರ್ಚೆಗೆ ಉತ್ತರಿಸುತ್ತೇನೆ. ಬಲವಂತ ಮಾಡಬೇಡಿ. ಹಾಗೆಂದು ಅವನು ಹೆದರುವ ಎಲ್ಲವನ್ನೂ ಅವನ ಬದುಕಿನಿಂದ ಒಂದೊಂದಾಗಿ ತೆಗೆದುಹಾಕುತ್ತ ಹೋಗುವುದೂ ಬೇಡ. ಮಿಕ್ಸಿಯ ಭಯ, ಸಂಜೆಯ ಮುಗಿಯದ ಪ್ರಶ್ನೆ, ಶಾಲೆಯ ಗೇಟು, ಇವು ಮೂರೂ ಹೊರಗಿನಿಂದ ಬೇರೆ ಬೇರೆಯಾಗಿ ಕಂಡರೂ ಬೇರು ಒಂದೇ ಇರುವ ಸಾಧ್ಯತೆ ಹೆಚ್ಚು: ಮುಂದೇನಾಗುತ್ತದೆ ಎಂಬುದು ಈ ಮಗುವಿಗೆ ತಿಳಿಯುತ್ತಿಲ್ಲ, ತಿಳಿಯದಿರುವುದನ್ನೆಲ್ಲ ಅವನ ಮೈಮನಸ್ಸು ಅಪಾಯವೆಂದೇ ಎಣಿಸುತ್ತಿದೆ. ಆದ್ದರಿಂದ ನೀವು ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಅವನ ದಿನವನ್ನು ಅವನಿಗೆ ಅರ್ಥವಾಗುವಂತೆ, ಅವನೇ ಮುಂಚಿತವಾಗಿ ಊಹಿಸಿಕೊಳ್ಳಬಲ್ಲಂತೆ ಮಾಡಬೇಕು. ಅದು ನೆಲೆಗೊಂಡ ಮೇಲೆ, ಅವನು ತಾಳಬಲ್ಲಷ್ಟೇ ಅಳತೆಯಲ್ಲಿ, ಗೊತ್ತಿಲ್ಲದ್ದನ್ನು ಎದುರಿಸುವ ಅಭ್ಯಾಸ ಮಾಡಿಸಬೇಕು. ಈ ಕ್ರಮ ತಲೆಕೆಳಗಾದರೆ ಎಷ್ಟು ಒಳ್ಳೆಯ ಉದ್ದೇಶವಿದ್ದರೂ ಭಯ ಬೆಳೆಯುತ್ತದೆ. ಮಗುವನ್ನು ಕಣ್ಣಾರೆ ನೋಡದೆ, ನಿಮ್ಮ ಪತ್ರವನ್ನಷ್ಟೇ ಓದಿ ಹೇಳುತ್ತಿರುವ ಮಾತುಗಳಿವು. ನಿಮ್ಮ ಥೆರಪಿಸ್ಟ್ ಜೊತೆ ಕುಳಿತು ಇವನ್ನು ನಿಮ್ಮ ಮಗನಿಗೆ ಹೊಂದಿಸಿಕೊಳ್ಳಿ.

ಆಟಿಸಂ ಇರುವ ಮಕ್ಕಳಲ್ಲಿ ಆತಂಕ ಅಪರೂಪವಲ್ಲ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿಯೇ, ಆ ಮಕ್ಕಳು ದೊಡ್ಡ ಸದ್ದಿಗೂ ಚಲಿಸುವ ವಸ್ತುಗಳಿಗೂ ಗಾಬರಿಯಾಗುತ್ತಿದ್ದುದನ್ನು ದಾಖಲಿಸಿದ್ದಾರೆ. ಲಿಫ್ಟ್, ವ್ಯಾಕ್ಯೂಮ್ ಕ್ಲೀನರ್, ಹರಿಯುವ ನೀರು, ಮೊಟ್ಟೆ ಕಡೆಯುವ ಸಾಧನ, ಕೆಲವೊಮ್ಮೆ ಬೀಸುವ ಗಾಳಿ ಕೂಡ ಆ ಮಕ್ಕಳನ್ನು ದಿಗಿಲುಗೊಳಿಸುತ್ತಿತ್ತು. ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ಅವರ ಹಂಬಲದ ಹಿಂದೆ ಆತಂಕವಿದೆಯೆಂದು ಕ್ಯಾನರ್ ಆಗಲೇ ಗುರುತಿಸಿದ್ದರು. ನಿಮ್ಮ ಅಡುಗೆಮನೆಯ ಮಿಕ್ಸಿ ಆ ಹಳೆಯ ಪಟ್ಟಿಗೆ ಸಹಜವಾಗಿಯೇ ಸೇರುತ್ತದೆ. ಮುಂದೆ 2011ರಲ್ಲಿ 31 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯಲ್ಲಿ, ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರ ಪೈಕಿ ನೂರಕ್ಕೆ ಸುಮಾರು 40 ಮಂದಿಗೆ ಆತಂಕದ ಕಾಯಿಲೆ ಎಂದೇ ಕರೆಯಬಹುದಾದ ಮಟ್ಟದ ತೊಂದರೆ ಕಂಡುಬಂತು. ಅದರಲ್ಲಿಯೂ ಯಾವುದಾದರೊಂದು ನಿರ್ದಿಷ್ಟ ವಸ್ತು ಅಥವಾ ಸನ್ನಿವೇಶದ ಭಯವೇ ಎಲ್ಲಕ್ಕಿಂತ ಹೆಚ್ಚಾಗಿತ್ತು. ನಿಮ್ಮ ಮಗ ಹೀಗಾದದ್ದು ನಿಮ್ಮ ಮುದ್ದಿನಿಂದಲ್ಲ ಎಂಬುದನ್ನು ನೀವು ಮನೆಯಲ್ಲಿ ಧೈರ್ಯವಾಗಿ ಹೇಳಬಹುದು.

ಆದರೂ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ, ಏಕೆಂದರೆ ಹಠವೂ ಭಯವೂ ನೋಡುವವರ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ: ಅಳು, ಕಿರುಚಾಟ, ನೆಲಕ್ಕೆ ಬೀಳುವುದು. ವ್ಯತ್ಯಾಸ ತಿಳಿಯಬೇಕಾದರೆ ಅಳುವಿಗೆ ಮುಂಚಿನ ಮತ್ತು ಅಳುವಿನ ನಂತರದ ಕೆಲವು ನಿಮಿಷಗಳನ್ನು ಗಮನಿಸಬೇಕು. ಬಿಸ್ಕತ್ತಿಗಾಗಿ ಹಠ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಬಿಸ್ಕತ್ತು ಸಿಕ್ಕ ಕೂಡಲೇ ಸುಮ್ಮನಾಗುತ್ತದೆ. ಹೆದರಿದ ಮಗುವಿಗೆ ಹೆದರಿಸಿದ ವಸ್ತು ದೂರವಾದ ಮೇಲೂ ಮೈ ಬಿಗಿ ಸಡಿಲವಾಗುವುದಿಲ್ಲ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಇಷ್ಟದ ತಿಂಡಿ ಕೊಟ್ಟರೂ ಬಾಯಿಗೆ ಹೋಗುವುದಿಲ್ಲ. "ನನಗೆ ಭಯವಾಗುತ್ತಿದೆ" ಎಂದು ಹೇಳಲು ಐದು ವರ್ಷದ ಯಾವ ಮಗುವಿಗೂ ಕಷ್ಟ; ಮಾತು ಕಡಿಮೆ ಇರುವ, ತನ್ನ ಮೈಯೊಳಗಿನ ಸೂಚನೆಗಳನ್ನು ಗುರುತಿಸುವುದೇ ಕಷ್ಟವಾಗಿರುವ ಮಗುವಿಗೆ ಇನ್ನೂ ಕಷ್ಟ. ಹಾಗಾಗಿ ಆತಂಕ ಬೇರೆ ವೇಷಗಳಲ್ಲಿ ಹೊರಬರುತ್ತದೆ. ಕೈ ಆಡಿಸುವುದು, ಸಾಲಾಗಿ ಜೋಡಿಸುವುದು ಹೆಚ್ಚಾಗುತ್ತದೆ, ತಿನ್ನುತ್ತಿದ್ದ ಐದಾರು ಪದಾರ್ಥಗಳು ಎರಡಕ್ಕೆ ಇಳಿಯುತ್ತವೆ, ನಿದ್ದೆ ಒಡೆಯುತ್ತದೆ, ಮಲ ಕಟ್ಟಿಕೊಳ್ಳುತ್ತದೆ, ಅಮ್ಮನ ಸೆರಗು ಬಿಡದಂತಾಗುತ್ತದೆ. ಕೆಲವು ಮಕ್ಕಳು ಅಳುವುದೂ ಇಲ್ಲ, ಶಾಲೆಯಲ್ಲಿ ಕಲ್ಲಿನಂತೆ ಕುಳಿತಿದ್ದು ಮನೆಗೆ ಬಂದ ಮೇಲೆ ಸಿಡಿಯುತ್ತಾರೆ. ಅಂಥವರನ್ನು "ಶಾಲೆಯಲ್ಲಿ ಚೆನ್ನಾಗಿಯೇ ಇದ್ದಾನಲ್ಲ" ಎಂದು ಕಡೆಗಣಿಸುವುದೇ ಹೆಚ್ಚು.

ಬೇರೆ ಏನನ್ನೂ ಶುರು ಮಾಡುವ ಮೊದಲು ಮಗುವಿನ ದೇಹದ ಪರೀಕ್ಷೆ ಮಾಡಿಸಿ. ಕೆಲವೇ ತಿಂಗಳಲ್ಲಿ ಭಯ ಹೆಚ್ಚಾಗಿದೆ, ಕೈ ಕಚ್ಚಿಕೊಳ್ಳುತ್ತಿದ್ದಾನೆ ಎಂದು ಬರೆದಿದ್ದೀರಿ. ಹುಳುಕು ಹಲ್ಲು, ಕಿವಿಯ ಸೋಂಕು, ಮಲಬದ್ಧತೆ, ಸರಿಯಿಲ್ಲದ ನಿದ್ದೆ, ಇವುಗಳಲ್ಲಿ ಯಾವುದಿದ್ದರೂ ಮಗುವಿನ ತಾಳ್ಮೆ ಅರ್ಧಕ್ಕಿಳಿಯುತ್ತದೆ, ನೋವನ್ನು ಹೇಳಿಕೊಳ್ಳಲಾಗದ ಮಗುವಿನ ಸಿಡುಕನ್ನು ಎಲ್ಲರೂ ಆಟಿಸಂನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಮಕ್ಕಳ ವೈದ್ಯರಿಗೂ ದಂತವೈದ್ಯರಿಗೂ ತೋರಿಸಿ, ಹೊಟ್ಟೆ ಮತ್ತು ನಿದ್ದೆಯ ಬಗ್ಗೆ ನೀವಾಗಿಯೇ ಹೇಳಿ. ಇದನ್ನು ಬಿಟ್ಟು ಮುಂದೆ ಬರೆದಿರುವುದನ್ನೆಲ್ಲ ಮಾಡಿದರೆ ಶ್ರಮ ವ್ಯರ್ಥವಾಗಬಹುದು.

ಇನ್ನು ಮಿಕ್ಸಿಯ ವಿಷಯ. ಇಲ್ಲಿ ಎರಡು ಪದರಗಳಿವೆ, ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು. ಮೊದಲನೆಯದು ಸದ್ದು. ಆಟಿಸಂ ಇರುವ ಅನೇಕ ಮಕ್ಕಳಿಗೆ ನಮಗೆ ಕಿರಿಕಿರಿಯಷ್ಟೇ ಎನಿಸುವ ಸದ್ದು ನಿಜವಾಗಿಯೂ ನೋವಿನಂತೆ ತಾಗುತ್ತದೆ. ಎರಡನೆಯದು ಆ ಸದ್ದು ಯಾವ ಕ್ಷಣದಲ್ಲಿ ಬಂದೀತೋ ಎಂಬ ಕಾಯುವಿಕೆ. ನಿಮ್ಮ ಮಗ ಅಡುಗೆಮನೆಗೇ ಬರುವುದನ್ನು ಬಿಟ್ಟಿದ್ದಾನೆ ಎಂದರೆ ಭಯ ಸದ್ದಿನಿಂದ ಜಾಗಕ್ಕೆ ಹಬ್ಬಿದೆ ಎಂದರ್ಥ. ಆಟಿಸಂ ಇರುವ ಪುಟ್ಟ ಮಕ್ಕಳನ್ನು ಒಂದು ವರ್ಷದವರೆಗೆ ಗಮನಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸದ್ದು ಸ್ಪರ್ಶಗಳಿಗೆ ಅತಿಯಾಗಿ ಸ್ಪಂದಿಸುತ್ತಿದ್ದ ಮಕ್ಕಳಲ್ಲಿ ಮುಂದೆ ಆತಂಕ ಹೆಚ್ಚಾದದ್ದು ಕಂಡುಬಂತು. ಮೊದಲೇ ಆತಂಕವಿದ್ದವರಲ್ಲಿ ಆಮೇಲೆ ಆ ಸೂಕ್ಷ್ಮತೆ ಹೆಚ್ಚಾದದ್ದು ಕಾಣಲಿಲ್ಲ. ಇಂದ್ರಿಯಗಳ ಈ ಸೂಕ್ಷ್ಮತೆಯನ್ನು ಮೊದಲು ಗೌರವಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಮೊದಲ ಪದರಕ್ಕೆ ಮನೆಯಲ್ಲೇ ಪರಿಹಾರವಿದೆ. ಮಿಕ್ಸಿಯ ಕೆಳಗೆ ದಪ್ಪ ಬಟ್ಟೆಯನ್ನು ಮಡಿಸಿ ಹಾಕಿ, ಬಾಗಿಲು ಮುಚ್ಚಿ, ರುಬ್ಬುವ ಕೆಲಸವನ್ನೆಲ್ಲ ದಿನಕ್ಕೆ ಒಂದೇ ಹೊತ್ತಿಗೆ ಸೇರಿಸಿಕೊಳ್ಳಿ. ಆ ಕೆಲವು ನಿಮಿಷ ಅವನು ಇಯರ್‌ಮಫ್ (ಸದ್ದು ತಗ್ಗಿಸುವ ಕಿವಿಮುಚ್ಚಿಗೆ) ಹಾಕಿಕೊಳ್ಳಲಿ. ದಿನವಿಡೀ ಮಾತ್ರ ಹಾಕಬೇಡಿ, ಕಿವಿ ಮೌನಕ್ಕೇ ಒಗ್ಗಿಹೋದರೆ ಸಣ್ಣ ಸದ್ದೂ ದೊಡ್ಡದಾಗುತ್ತದೆ. ಪ್ರತಿ ಸಲವೂ ಮಿಕ್ಸಿ ಹಾಕುವ ಮುಂಚೆ ಮಿಕ್ಸಿಯ ಫೋಟೋ ತೋರಿಸಿ ಒಂದೇ ಮಾತನ್ನು ಹೇಳಿ: "ಮಿಕ್ಸಿ ಬರುತ್ತೆ, ಆಮೇಲೆ ಮುಗಿಯುತ್ತೆ." ನಿಂತ ಮೇಲೆ "ಮಿಕ್ಸಿ ಮುಗೀತು" ಎಂದು ಹೇಳುವುದನ್ನು ಮರೆಯಬೇಡಿ. ಸದ್ದಿಗೆ ಕೊನೆಯಿದೆ ಎಂಬುದು ನಮಗೆ ಎಷ್ಟು ಸಹಜವಾಗಿ ಗೊತ್ತಿದೆಯೋ ಅವನಿಗೆ ಅಷ್ಟು ಸಹಜವಾಗಿ ಗೊತ್ತಿರುವುದಿಲ್ಲ. ಏನೂ ಹೇಳದೆ, ಅವನು ಬೇರೆಡೆ ನೋಡುತ್ತಿರುವಾಗ ಬೇಗ ಒಂದು ಸುತ್ತು ತಿರುಗಿಸಿ ಮುಗಿಸಿಬಿಡೋಣ ಎಂದು ಬಹಳ ತಾಯಂದಿರಿಗೆ ಅನಿಸುತ್ತದೆ. ಅದರಿಂದ ಆ ಹೊತ್ತಿನ ಕೆಲಸವೇನೋ ಆಗುತ್ತದೆ, ಆದರೆ ಸದ್ದು ಯಾವಾಗ ಬೇಕಾದರೂ ಬರಬಹುದು ಎಂಬ ಅವನ ಅನುಮಾನ ನಿಜವಾಗಿಬಿಡುತ್ತದೆ.

ಹೀಗೆ ಎರಡು ಮೂರು ವಾರ ನಡೆದು ಅವನು ಸ್ವಲ್ಪ ನಿರಾಳನಾದ ಮೇಲೆ ಎರಡನೆಯ ಪದರಕ್ಕೆ ಕೈ ಹಾಕಿ. ಪ್ಲಗ್ ತೆಗೆದ ಮಿಕ್ಸಿಯನ್ನು ಹಾಲ್‌ನಲ್ಲಿ ಇಟ್ಟು, ಜಾರ್‌ನಲ್ಲಿ ಅವನ ಆಟದ ಸಾಮಾನು ಹಾಕಿ ತೆಗೆಯಲು ಬಿಡಿ. ಅದು ಸಲೀಸಾದ ಮೇಲೆ ಮಿಕ್ಸಿಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅತಿ ಕಡಿಮೆ ವಾಲ್ಯೂಮ್‌ನಲ್ಲಿ ಹಾಕಿ, ಹೆಚ್ಚು ಕಡಿಮೆ ಮಾಡುವ ಬಟನ್ ಅವನ ಕೈಯಲ್ಲೇ ಇರಲಿ. ಮುಂದೆ ಅವನು ಅಂಗಳದಲ್ಲೋ ದೂರದ ಕೋಣೆಯಲ್ಲೋ ಅಪ್ಪನ ಜೊತೆ ಇರುವಾಗ, "ಒಂದು, ಎರಡು, ಮೂರು" ಎಣಿಸಿ ಎರಡೇ ಸೆಕೆಂಡ್ ನಿಜವಾದ ಮಿಕ್ಸಿ ಹಾಕಿ ನಿಲ್ಲಿಸಿ. ದಿನ ಕಳೆದಂತೆ ದೂರ ಕಡಿಮೆಯಾಗಲಿ, ಸೆಕೆಂಡ್‌ಗಳು ಹೆಚ್ಚಾಗಲಿ, ಎಣಿಸುವ ಕೆಲಸ ಅವನದಾಗಲಿ, ಕೊನೆಗೆ ಇಯರ್‌ಮಫ್ ಹಾಕಿಕೊಂಡು ಸ್ವಿಚ್ ಒತ್ತುವವನೂ ಅವನೇ ಆಗಲಿ. ಯಾವಾಗ ಮುಂದಿನ ಹಂತಕ್ಕೆ ಹೋಗಬೇಕೆಂದು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ, ಅವನ ಮೈ ನೋಡಿ ನಿರ್ಧರಿಸಿ: ಭುಜ ಸಡಿಲವಾಗಿದೆಯೇ, ಉಸಿರು ಸಹಜವಾಗಿದೆಯೇ, ಆ ಹೊತ್ತಿನಲ್ಲಿ ತಿಂಡಿ ತಿನ್ನಬಲ್ಲನೇ. ಬಿಗಿಯಾದರೆ ಒಂದು ಹಂತ ಹಿಂದಕ್ಕೆ ಬನ್ನಿ, ಅದು ಸೋಲಲ್ಲ. ಅಭ್ಯಾಸ ದಿನಕ್ಕೆ ಐದು ನಿಮಿಷ ಮೀರುವುದು ಬೇಡ, ಅವನು ಚೆನ್ನಾಗಿರುವಾಗಲೇ ಮುಗಿಸಿ, ಮುಗಿದ ಕೂಡಲೇ ಅವನಿಗೆ ಅತ್ಯಂತ ಇಷ್ಟವಾದುದೊಂದು ನಡೆಯಲಿ.

ನಿಮ್ಮ ಯಜಮಾನರಿಗೆ ಇದು ತೀರ ನಿಧಾನವೆನಿಸಬಹುದು. ಅವರ ಆಸೆಯಲ್ಲಿ ತಪ್ಪಿಲ್ಲ: ಹೆದರಿಕೆಯನ್ನು ಎದುರಿಸದೆ ಅದು ಹೋಗುವುದಿಲ್ಲ ಎಂಬುದು ನಿಜ. ಮಗು ಓಡಿಹೋದಾಗಲೆಲ್ಲ ಸಿಗುವ ನಿರಾಳತೆ "ಓಡಿದ್ದರಿಂದಲೇ ಉಳಿದೆ" ಎಂಬ ಪಾಠವನ್ನು ಕಲಿಸುತ್ತದೆ, ಮುಂದಿನ ಸಲ ಇನ್ನೂ ಬೇಗ ಓಡುವಂತೆ ಮಾಡುತ್ತದೆ. ಆದರೆ ಹಿಡಿದು ನಿಲ್ಲಿಸಿ ಮಿಕ್ಸಿ ಹಾಕಿದರೆ ಅವನು ಕಲಿಯುವುದು ಮಿಕ್ಸಿ ಅಪಾಯಕಾರಿಯಲ್ಲ ಎಂಬುದನ್ನಲ್ಲ. ಅಪ್ಪನ ಕೈಯೂ ನಂಬುವಂಥದ್ದಲ್ಲ ಎಂಬುದನ್ನು. ಬಾವಿಗೆ ತಳ್ಳಿ ಈಜು ಕಲಿಸಿದವರೂ ಇದ್ದರು, ಬೆನ್ನಿಗೆ ಬೆಂಡು ಕಟ್ಟಿ ಮೆಟ್ಟಿಲಿನಿಂದ ಇಳಿಸಿದವರೂ ಇದ್ದರು. ನೀರನ್ನೇ ಬಿಟ್ಟವರು ಯಾರ ಕೈಯಲ್ಲಿ ಕಲಿತವರೆಂದು ನಿಮ್ಮ ಯಜಮಾನರಿಗೂ ಗೊತ್ತಿರುತ್ತದೆ.

"ಅಪ್ಪ ಬರ್ತಾರಾ?" ಎಂಬ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು, ಆಟಿಸಂ ಇರುವ ಮಕ್ಕಳ ಆತಂಕದ ಹಿಂದೆ ಅನಿಶ್ಚಿತತೆಯನ್ನು ಸಹಿಸಲಾಗದಿರುವುದು ದೊಡ್ಡ ಕಾರಣವೆಂದು ಗುರುತಿಸಿ, ದಿನನಿತ್ಯದ ಸನ್ನಿವೇಶಗಳಲ್ಲಿ ಅದನ್ನು ನಿಭಾಯಿಸುವುದು ಹೇಗೆಂದು ಹೆತ್ತವರಿಗೇ ಕಲಿಸುವ ಕಾರ್ಯಕ್ರಮವೊಂದನ್ನು ರೂಪಿಸಿದ್ದಾರೆ. ಜಗತ್ತಿನಿಂದ ಅನಿಶ್ಚಿತತೆಯನ್ನು ತೆಗೆಯಲು ಯಾರಿಂದಲೂ ಆಗದು, ಆದ್ದರಿಂದ ಒಂದೊಂದೇ ಸನ್ನಿವೇಶವನ್ನು ಆರಿಸಿಕೊಂಡು ಮಗುವಿಗೆ ಅದರಲ್ಲಿ ದಾರಿ ತೋರಿಸಬೇಕು ಎಂಬುದು ಅದರ ತಿರುಳು. ನಿಮ್ಮ ಮನೆಯ ಸಂಜೆ ಅಂಥ ಒಂದು ಸನ್ನಿವೇಶ. ಮೊದಲು ಅವನು ಕೇಳುವಾಗಿನ ಮುಖ ನೋಡಿ. ಆಡುತ್ತ, ನಗುತ್ತ ಕೇಳುತ್ತಿದ್ದರೆ ಅದು ಅವನು ನಿಮ್ಮೊಡನೆ ಮಾತಿಗೆ ಬರುವ ರೀತಿಯಾಗಿರಬಹುದು, ಆಗ ಆ ಮಾತನ್ನೇ ಬೆಳೆಸಿ, "ಹೌದು, ಅಪ್ಪ ಬೈಕಲ್ಲಿ ಬರ್ತಾರೆ, ಅಪ್ಪ ಏನು ತರ್ತಾರೆ?" ಎನ್ನಿ. ಬಾಗಿಲ ಬಳಿ ಓಡಾಡುತ್ತ, ಬೆರಳು ಹಿಸುಕುತ್ತ ಕೇಳುತ್ತಿದ್ದರೆ ಅದು ಆತಂಕ. ಆಗ ಬಾಯಿಮಾತಿನ ಉತ್ತರ ಒಂದು ನಿಮಿಷದ ಮಟ್ಟಿಗೆ ಮಾತ್ರ ಸಮಾಧಾನ ಕೊಡುತ್ತದೆ, ಏಕೆಂದರೆ ಮಾತು ಕೇಳಿದ ಕೂಡಲೇ ಮಾಯವಾಗುತ್ತದೆ. ಚಿತ್ರ ಅಲ್ಲಿಯೇ ಉಳಿಯುತ್ತದೆ.

ಒಂದು ರಟ್ಟಿನ ಮೇಲೆ ಸಂಜೆಯ ನಾಲ್ಕೈದು ಫೋಟೋಗಳನ್ನು ಸಾಲಾಗಿ ಅಂಟಿಸಿ: ಹಾಲು, ಪಾರ್ಕು, ಸ್ನಾನ, ಊಟ, ಹಾಸಿಗೆ. ಚಿತ್ರಕಾರ್ಡುಗಳನ್ನು ಕೊಂಡು ತರಬೇಕಿಲ್ಲ, ನಿಮ್ಮ ಮನೆಯ ಲೋಟ, ನಿಮ್ಮ ಬಚ್ಚಲಿನ ಬಕೆಟ್ ಫೋಟೋ ತೆಗೆದರೆ ಅವನಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂದೊಂದು ಮುಗಿದಂತೆ ಅವನೇ ಫೋಟೋ ತೆಗೆದು ಡಬ್ಬಿಗೆ ಹಾಕಲಿ. ಯಜಮಾನರು ದಿನಾ ಒಂದೇ ಹೊತ್ತಿಗೆ ಬರುವವರಾದರೆ ಅವರ ಫೋಟೋವನ್ನು ಸಾಲಿನಲ್ಲಿ ಸೇರಿಸಿ. ಹಾಗಿಲ್ಲದಿದ್ದರೆ "ಏಳು ಗಂಟೆಗೆ ಬರ್ತಾರೆ" ಎಂದು ಹೇಳಿ ಎಂಟೂವರೆಯವರೆಗೆ ಕಾಯಿಸುವುದು ಅವನಿಗೆ ಮಾತು ತಪ್ಪಿದಂತೆ. ಅದಕ್ಕೆ ಬದಲು ಪ್ರಶ್ನಾರ್ಥಕ ಚಿಹ್ನೆ ಬರೆದ ಒಂದು ಬಣ್ಣದ ಚೀಟಿ ಮಾಡಿಕೊಂಡು "ಅಪ್ಪ ಬರ್ತಾರೆ, ಯಾವಾಗ ಅಂತ ಗೊತ್ತಿಲ್ಲ, ನಾವು ಊಟ ಮಾಡೋಣ" ಎಂದು ಅದನ್ನು ತೋರಿಸಿ. ಮೊದಲ ಸಲ ಕೇಳಿದಾಗ ಇಷ್ಟನ್ನು ಹೇಳಿ. ಎರಡನೆಯ ಸಲ ಮಾತಿಲ್ಲದೆ ರಟ್ಟಿನ ಕಡೆ ಕೈ ತೋರಿಸಿ. ಆಮೇಲೆ "ನೀನೇ ಹೇಳು, ಈಗ ಏನು?" ಎಂದು ಉತ್ತರವನ್ನು ಅವನ ಬಾಯಿಂದಲೇ ತರಿಸಿ. ಗದರಬೇಡಿ, ಕೇಳಿಸದವರಂತೆ ಇದ್ದುಬಿಡುವುದೂ ಬೇಡ.

ಆ ಪ್ರಶ್ನೆಯ ಚೀಟಿ ಸಂಕಟದ ಗುರುತಾಗಿ ಮಾತ್ರ ಉಳಿಯಬಾರದು. ಆದ್ದರಿಂದ ಅದನ್ನು ಸಂತೋಷದ ಸಂಗತಿಗಳಿಗೂ ಬಳಸಿ: ಮುಚ್ಚಿದ ಮುಷ್ಟಿಯಲ್ಲಿ ದ್ರಾಕ್ಷಿಯೋ ಗೋಡಂಬಿಯೋ, ಪಾರ್ಕಿನಿಂದ ಮನೆಗೆ ಈ ಬೀದಿಯಲ್ಲೋ ಆ ಬೀದಿಯಲ್ಲೋ. ಗೊತ್ತಿಲ್ಲದ್ದು ಕೆಲವೊಮ್ಮೆ ಒಳ್ಳೆಯದೂ ಆಗಿರುತ್ತದೆ ಎಂಬುದು ಅವನ ಅನುಭವಕ್ಕೆ ಬರಬೇಕು. ನಮ್ಮ ಮನೆಗಳಲ್ಲಿ ಅನಿಶ್ಚಿತತೆಯ ದೊಡ್ಡ ಗುರು ಎಂದರೆ ಕರೆಂಟ್. ನೀವೇ ಹೇಳಿ ಕೇಳಿ ಲೈಟ್ ಆರಿಸಿ, ಟಾರ್ಚ್ ಹುಡುಕಿ ತರುವ ಕೆಲಸವನ್ನು ಅವನಿಗೆ ವಹಿಸಿ ಕೆಲವು ಸಂಜೆ ಆಡಿದರೆ, ನಿಜವಾಗಿ ಕರೆಂಟ್ ಹೋದಾಗ ಅವನಿಗೆ ಮಾಡಲೊಂದು ಕೆಲಸವಿರುತ್ತದೆ. ಕೈಗೆ ಕೆಲಸವಿರುವ ಮಗುವಿಗೆ ಭಯ ಕಡಿಮೆ.

ಶಾಲೆಯ ವಿಷಯದಲ್ಲಿ "ಶಾಲೆಗೆ ಹೆದರುತ್ತಾನೆ" ಎಂಬ ಮಾತಿಗೆ ನಿಲ್ಲಬೇಡಿ, ಶಾಲೆ ಎಂಬುದು ಒಂದೇ ವಸ್ತುವಲ್ಲ. ಗೇಟಿನ ನೂಕುನುಗ್ಗಲು, ಪ್ರಾರ್ಥನೆಯ ಮೈಕು, ಹೊಸ ಕೋಣೆ, ಹೊಸ ಟೀಚರ್, ಕತ್ತಲೆಯ ಶೌಚಾಲಯ, ಇವುಗಳಲ್ಲಿ ಯಾವುದು ಎಂದು ಕಂಡುಹಿಡಿಯಬೇಕು. ಎಲ್‌ಕೆಜಿಯಲ್ಲಿ ಹೀಗಿರಲಿಲ್ಲ ಎನ್ನುವುದಾದರೆ ಬಹುಶಃ ಕೋಣೆ, ಟೀಚರ್, ಆಯಾ ಮೂವರೂ ಒಂದೇ ದಿನ ಬದಲಾಗಿದ್ದಾರೆ, ಅವನಿಗೆ ಯಾರೂ ಮುಂಚಿತವಾಗಿ ತೋರಿಸಿಲ್ಲ. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಖಾಲಿ ತರಗತಿಗೆ ಕರೆದುಕೊಂಡು ಹೋಗಿ, ಅವನ ಜಾಗದಲ್ಲಿ ಕೂರಿಸಿ, ಟೀಚರ್ ಮತ್ತು ಕೋಣೆಯ ಫೋಟೋ ತೆಗೆದುಕೊಂಡು ಬನ್ನಿ. ಬೆಳಿಗ್ಗೆ ಗೇಟಿನಲ್ಲಿ ದಿನವೂ ಒಬ್ಬರೇ ಅವನನ್ನು ಬರಮಾಡಿಕೊಳ್ಳಲಿ, ಗದ್ದಲ ಶುರುವಾಗುವ ಹತ್ತು ನಿಮಿಷ ಮುಂಚೆಯೋ ಪ್ರಾರ್ಥನೆ ಮುಗಿದ ಮೇಲೋ ಅವನು ಒಳಗೆ ಹೋಗಲಿ. ಕೆಲವು ವಾರ ಅರ್ಧ ದಿನ ಸಾಕೆಂದು ಕೇಳಿಕೊಳ್ಳಿ. ಇಲ್ಲಿ ಒಂದು ಎಚ್ಚರ ಬೇಕು: ಮನೆಗೆ ಕರೆತರುವ ಸಮಯ ಮೊದಲೇ ನಿಗದಿಯಾಗಿರಬೇಕು, ರಟ್ಟಿನ ಮೇಲೂ ಇರಬೇಕು. ಅತ್ತಾಗ ಕರೆತಂದರೆ, ಅತ್ತರೆ ಮನೆ ಸಿಗುತ್ತದೆ ಎಂದಾಗುತ್ತದೆ. ಮೊದಲೇ ಹೇಳಿದ ಹೊತ್ತಿಗೆ ಕರೆತಂದರೆ, ಅಮ್ಮ ಹೇಳಿದ್ದು ನಡೆಯುತ್ತದೆ ಎಂದಾಗುತ್ತದೆ. ಶಾಲೆಯವರು ಇದಕ್ಕೆಲ್ಲ ಒಪ್ಪಲೇಬೇಕೇ ಎಂಬ ಅಳುಕು ನಿಮಗಿರಬಹುದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ಅವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು ಅದು ಹೇಳುತ್ತದೆ. ಜಗಳದ ದನಿಯಲ್ಲಿ ಹೇಳಬೇಕಿಲ್ಲ, ಆದರೆ ಬೇಡಿಕೆಗಳನ್ನು ಬರೆದು, ಥೆರಪಿಸ್ಟ್ ಪತ್ರದೊಂದಿಗೆ ಮುಖ್ಯೋಪಾಧ್ಯಾಯರ ಕೈಗೆ ಕೊಡಿ.

ಇಷ್ಟೆಲ್ಲ ಸಿದ್ಧತೆಯ ನಡುವೆಯೂ ಅವನು ಕುಸಿದು ಕಿರುಚುವ ಗಳಿಗೆಗಳು ಬರುತ್ತವೆ. ಅದು ಕಲಿಸುವ ಹೊತ್ತಲ್ಲ. ಆಗ ಪ್ರಶ್ನೆ ಕೇಳಬೇಡಿ, ಆಮಿಷ ಒಡ್ಡಬೇಡಿ, "ನೋಡು ಎಲ್ಲರೂ ನೋಡ್ತಿದ್ದಾರೆ" ಎನ್ನಬೇಡಿ. ಸುತ್ತಲಿನವರನ್ನು ದೂರ ಕಳಿಸಿ, ದನಿ ತಗ್ಗಿಸಿ, ಎರಡೇ ಮಾತು ಹೇಳಿ: "ಅಮ್ಮ ಇಲ್ಲೇ ಇದ್ದೀನಿ." ಕೆಲವು ಮಕ್ಕಳಿಗೆ ಬಿಗಿಯಾಗಿ ಅಪ್ಪಿಕೊಂಡರೆ ಹಿತ, ಕೆಲವರಿಗೆ ಮುಟ್ಟಿದರೆ ಇನ್ನೂ ಕಷ್ಟ, ನಿಮ್ಮ ಮಗ ಯಾವ ಬಗೆ ಎಂಬುದು ನಿಮಗೇ ಗೊತ್ತಿರುತ್ತದೆ. ಕೈ ಕಚ್ಚಿಕೊಳ್ಳುವಾಗ ಕೈಯನ್ನು ಎಳೆದು ಹಿಡಿಯುವ ಬದಲು ಕಚ್ಚಬಹುದಾದ ಒದ್ದೆ ಬಟ್ಟೆಯನ್ನೋ ಥೆರಪಿಸ್ಟ್ ಸೂಚಿಸುವ ರಬ್ಬರ್ ಸಾಧನವನ್ನೋ ಬಾಯಿಯ ಹತ್ತಿರ ತನ್ನಿ. ಸುಮ್ಮನಾದ ಮೇಲೆ ನೀರು ಕೊಟ್ಟು ಮಲಗಿಸಿ, ಬುದ್ಧಿವಾದ ಬೇಡ.

ಹೆತ್ತವರು ತಮ್ಮ ನಡೆಯನ್ನು ಬದಲಿಸಿಕೊಂಡರೆ ಮಗುವಿನ ಆತಂಕ ಇಳಿಯುತ್ತದೆ ಎಂಬುದು ಬರೀ ಉಪದೇಶವಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೆತ್ತವರಿಗೆ ಮಾತ್ರ ತರಬೇತಿ ಕೊಟ್ಟು ಮಗುವನ್ನು ಚಿಕಿತ್ಸಕರು ನೇರವಾಗಿ ನೋಡದಿದ್ದರೂ, ಮಗುವಿನೊಂದಿಗೇ ಮಾತನಾಡಿ ಆತಂಕ ಇಳಿಸುವ ಮನೋಚಿಕಿತ್ಸೆಯಷ್ಟೇ ಫಲ ಸಿಕ್ಕಿತು. ಅದು ಆಟಿಸಂಗೆಂದೇ ನಡೆದ ಪ್ರಯೋಗವಲ್ಲ, ಅಲ್ಲಿನ ಮಕ್ಕಳ ವಯಸ್ಸೂ 7ರಿಂದ 14. ಆದರೂ ಮಾತು ಕಡಿಮೆಯಿರುವ ಐದು ವರ್ಷದ ಮಗುವಿನ ಮಟ್ಟಿಗೆ ಈ ದಾರಿಯೇ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ಆದ್ದರಿಂದ ಯಜಮಾನರನ್ನೂ ಅತ್ತೆಯವರನ್ನೂ ಒಪ್ಪಿಸಲು ವಾದ ಮಾಡುವ ಬದಲು ಇಬ್ಬರಿಗೂ ಒಂದೊಂದು ಕೆಲಸ ಕೊಡಿ. ಮಿಕ್ಸಿಯ ಅಭ್ಯಾಸ ಅಪ್ಪನದಾಗಲಿ. ಸಂಜೆಯ ರಟ್ಟಿನ ಮುಂದೆ ಅಜ್ಜಿಯೂ ಕೂರಲಿ. ತನ್ನ ಕೈಯಿಂದ ಮಗು ಸಮಾಧಾನಗೊಂಡದ್ದನ್ನು ಕಂಡ ಅಜ್ಜಿಗೆ ಹಠದ ಮಾತು ತಾನಾಗಿಯೇ ಮರೆಯುತ್ತದೆ. ಅವರು ದೃಷ್ಟಿ ತೆಗೆಯಬೇಕೆಂದರೆ ತೆಗೆಯಲಿ, ಮಗುವಿಗೆ ಹೊಗೆ ತಾಗದಿದ್ದರೆ ಸಾಕು. ನಿಮ್ಮ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ. ನಿದ್ದೆ ಬರುತ್ತಿಲ್ಲವೆಂದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಆರು ಎಂಟು ವಾರ ಹೀಗೆ ನಡೆದರೂ ಭಯ ಇಳಿಯದಿದ್ದರೆ, ತೂಕ ಕಡಿಮೆಯಾದರೆ, ಕಚ್ಚಿಕೊಂಡು ಗಾಯವಾಗುತ್ತಿದ್ದರೆ, ಕಲಿತಿದ್ದ ಮಾತು ಕಳೆದುಹೋಗುತ್ತಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಕೊನೆಯ ಎರಡರಲ್ಲಿ ಯಾವುದಿದ್ದರೂ ವಾರಗಟ್ಟಲೆ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ, ಮಾತು ಮತ್ತು ಸಂವಹನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಷ್ಟು ದೂರ ಹೋಗುವ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶೀಘ್ರ ಮಧ್ಯಸ್ಥಿಕೆ ಕೇಂದ್ರದ (ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವಾಗುವ ಕೇಂದ್ರ) ಬಗ್ಗೆ ವಿಚಾರಿಸಿ. ಈ ವಯಸ್ಸಿನಲ್ಲಿ ಆತಂಕಕ್ಕೆ ಔಷಧ ಮೊದಲ ದಾರಿಯಲ್ಲ. ಆಟಿಸಂ ಇರುವ ಮಕ್ಕಳಿಗೆ ತೀವ್ರ ಸಿಡುಕಿಗಾಗಿ ಕೆಲವೊಮ್ಮೆ ಬರೆದುಕೊಡುವ ರಿಸ್ಪೆರಿಡೋನ್ ಆತಂಕದ ಔಷಧವಲ್ಲ, ಹಾಗಾಗಿ ಇನ್ನೊಬ್ಬರ ಮಗುವಿಗೆ ಅನುಕೂಲವಾಯಿತೆಂದು ಕೇಳಿ ಅದನ್ನು ಶುರು ಮಾಡಬೇಡಿ.

ಕೊನೆಯದಾಗಿ ಮದುವೆ. ಕರೆದುಕೊಂಡು ಹೋಗಿ, ಆದರೆ ಮದುವೆಯ ಎಲ್ಲ ಭಾಗಕ್ಕೂ ಅಲ್ಲ. ಹಿಂದಿನ ರಾತ್ರಿಯ ಆರತಕ್ಷತೆ, ಅದರ ಆರ್ಕೆಸ್ಟ್ರಾ, ಕಣ್ಣಿಗೆ ಹೊಡೆಯುವ ದೀಪಗಳು ಅವನಿಗೆ ಬೇಡ. ಬೆಳಗಿನ ಒಂದೆರಡು ಗಂಟೆ ಸಾಕು. ಛತ್ರದ ಫೋಟೋಗಳನ್ನು ಈಗಲೇ ತರಿಸಿಕೊಂಡು ತೋರಿಸಿ, ಸಾಧ್ಯವಾದರೆ ಹಿಂದಿನ ದಿನ ಖಾಲಿಯಿರುವಾಗ ಒಳಗೆ ಓಡಾಡಿಸಿ, ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ಅವನಿಗಾಗಿ ಕೇಳಿ ಇಟ್ಟುಕೊಳ್ಳಿ. ಮದುಮಗನ ಅಕ್ಕನಾಗಿ ನಿಮಗೆ ಹತ್ತು ಶಾಸ್ತ್ರಗಳಿರುತ್ತವೆ, ಆದ್ದರಿಂದ ಅಂದು ಮಗನ ಹೊಣೆ ಪೂರ್ತಿ ಯಜಮಾನರದು ಎಂದು ಮೊದಲೇ ಮಾತಾಗಿರಲಿ. ಹೊಸ ಬಟ್ಟೆಯನ್ನು ಎರಡು ಸಲ ಒಗೆದು, ಕುತ್ತಿಗೆಯ ಲೇಬಲ್ ಕತ್ತರಿಸಿ, ಮನೆಯಲ್ಲಿ ತೊಡಿಸಿ ನೋಡಿ. ರೇಷ್ಮೆ ಜುಬ್ಬ ಚುಚ್ಚಿದರೆ ಹಳೆಯ ಹತ್ತಿಯ ಅಂಗಿಯೇ ಸಾಕು. ಗಲ್ಲ ಹಿಂಡುವುದು, ಎತ್ತಿಕೊಳ್ಳುವುದು, ಸುತ್ತ ನಿಂತು ಹೆಸರು ಕೇಳುವುದು ಬೇಡವೆಂದು ಹತ್ತಿರದ ನೆಂಟರಿಗೆ ನಿಮ್ಮ ತಮ್ಮನಿಂದಲೇ ಹೇಳಿಸಿ. ಅವನ ಊಟದ ಡಬ್ಬಿ ಜೊತೆಗಿರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಗಟ್ಟಿಮೇಳ: ನಾದಸ್ವರ, ಡೋಲು ಒಮ್ಮೆಲೇ ಏರುವ ಆ ಗಳಿಗೆ ಮಿಕ್ಸಿಗಿಂತ ನೂರು ಪಾಲು ದೊಡ್ಡದು, ಯಾವಾಗ ಬರುತ್ತದೆಂದು ಅವನಿಗೆ ತಿಳಿಯುವುದೂ ಇಲ್ಲ. ಇವತ್ತಿನಿಂದಲೇ ಫೋನಿನಲ್ಲಿ ಅದರ ವಿಡಿಯೋವನ್ನು ಸಣ್ಣ ದನಿಯಲ್ಲಿ ದಿನಕ್ಕೊಮ್ಮೆ ತೋರಿಸಿ, ಮುಹೂರ್ತದ ಹೊತ್ತಿಗೆ ಅಪ್ಪನೂ ಮಗನೂ ಇಯರ್‌ಮಫ್ ಸಮೇತ ಛತ್ರದ ಹೊರಗೆ ಕಾಂಪೌಂಡಿನಲ್ಲಿ ಇರಲಿ, "ಡೋಲು ಮುಗೀತು" ಎಂದ ಮೇಲೆ ಒಳಗೆ ಬಂದು ಅಕ್ಷತೆ ಹಾಕಲಿ. ಆಗ ಅವನು ಖುಷಿಯಾಗಿದ್ದಾನೆಂದು ಪಂಕ್ತಿ ಊಟಕ್ಕೂ ಗುಂಪಿನ ಫೋಟೋಗೂ ನಿಲ್ಲಿಸಿಕೊಳ್ಳಬೇಡಿ. ರಟ್ಟಿನ ಮೇಲೆ ಅಕ್ಷತೆಯ ನಂತರ ಮನೆ ಎಂದು ಅಂಟಿಸಿದ್ದರೆ ಅಕ್ಷತೆಯಾದ ಕೂಡಲೇ ಅಪ್ಪ ಮಗ ಮನೆಗೆ ಹೊರಡಲಿ.